ಮೋಲ್ ಪಾಠಕ್ಕೆ ಮೊದಲು ತಕ್ಕಡಿ ತನ್ನಿ

ಮಾನ್ಯ ಸಂಪಾದಕರೇ,

ಪ್ರಥಮ ಪಿಯುಸಿ ತರಗತಿಗಳು ಶುರುವಾಗಿ ಇನ್ನೂ ತಿಂಗಳು ತುಂಬಿಲ್ಲ. ಆಗಲೇ ನಮ್ಮ ಬೀದಿಯ ಎರಡು ಮನೆಗಳಲ್ಲಿ ‘ಸೈನ್ಸ್ ಬಿಡಿಸಿ ಕಾಮರ್ಸ್‌ಗೆ ಹಾಕೋಣವಾ’ ಎಂಬ ಮಾತು ನಡೆದಿದೆ. ಕಾರಣ ಕೇಳಿದರೆ ಎರಡೂ ಕಡೆ ಒಂದೇ ಉತ್ತರ: ಮೋಲ್. ರಸಾಯನಶಾಸ್ತ್ರ ಪುಸ್ತಕದ ಮೊದಲ ಅಧ್ಯಾಯದಲ್ಲೇ ಬರುವ ಪಾಠ ಅದು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಒಳ್ಳೆಯ ಅಂಕ ತಂದು, ಇಂಗ್ಲಿಷಿನ ತರಗತಿಯಲ್ಲಿ ಅಂಜುತ್ತಾ ಕೂತ ಮಗುವಿಗೆ ಜೂನ್ ತಿಂಗಳಲ್ಲೇ ಈ ಪಾಠ ಎದುರಾಗುತ್ತದೆ. ಅಲ್ಲಿ ಕೈಬಿಟ್ಟ ಎಳೆ ಮುಂದೆ ದ್ರಾವಣ, ಅನಿಲ, ಸಮತೋಲನ, ವಿದ್ಯುತ್ ರಸಾಯನ ಯಾವುದರಲ್ಲೂ ಸಿಗುವುದಿಲ್ಲ. ಎರಡು ವರ್ಷದ ರಸಾಯನಶಾಸ್ತ್ರದ ಲೆಕ್ಕಗಳೆಲ್ಲ ಈ ಒಂದು ಪಾಠದ ಮೇಲೆ ನಿಂತಿವೆ.

ನಾನು ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸಂಜೆ ಹೊತ್ತು ಗವಿಪುರ, ಗುಟ್ಟಹಳ್ಳಿ, ಶ್ರೀನಗರದ ಕಡೆಯ ಕೆಲವು ಮಕ್ಕಳು ಹನುಮಂತನಗರದ ನಮ್ಮ ಮನೆಗೆ ಪುಸ್ತಕ ಹಿಡಿದು ಬರುತ್ತಾರೆ. ಆ ಮಕ್ಕಳ ಪರವಾಗಿ ಈ ಪತ್ರ. ಮೋಲ್ ಎಂದರೆ ಎಣಿಕೆ, ತೂಗಿ ಎಣಿಸುವ ವಿದ್ಯೆ. ಮಕ್ಕಳು ಅದನ್ನು ಒಮ್ಮೆ ತಮ್ಮ ಕೈಯಿಂದ ತೂಗಿ ನೋಡುವವರೆಗೆ ಬೋರ್ಡಿನ ಮೇಲೆ ಸೂತ್ರ ಬರೆಯಬೇಡಿ ಎಂದು ಉಪನ್ಯಾಸಕರನ್ನೂ ಇಲಾಖೆಯನ್ನೂ ಬೇಡಿಕೊಳ್ಳುತ್ತೇನೆ.

ಈಗ ನಡೆಯುತ್ತಿರುವುದು ಏನೆಂದರೆ, ಒಂದು ತ್ರಿಕೋನ ಬರೆಯುತ್ತಾರೆ. ತುದಿಯಲ್ಲಿ ತೂಕ, ಕೆಳಗೆ ಒಂದು ಮೂಲೆಯಲ್ಲಿ ಮೋಲ್, ಇನ್ನೊಂದು ಮೂಲೆಯಲ್ಲಿ ಅಣುರಾಶಿ, ಅಂದರೆ ಒಂದು ಮೋಲ್ ಎಷ್ಟು ಗ್ರಾಂ ಎಂಬುದು. ಬೇಕಾದದ್ದನ್ನು ಬೆರಳಿನಿಂದ ಮುಚ್ಚು, ಉಳಿದದ್ದನ್ನು ಗುಣಿಸು ಅಥವಾ ಭಾಗಿಸು. ಇಷ್ಟೇ. ಮಕ್ಕಳು ಅದನ್ನು ಉರು ಹೊಡೆದು ಸರಿಯುತ್ತರವನ್ನೂ ಬರೆಯುತ್ತಾರೆ. ನೀಟ್‌ಗೆ, ಸಿಇಟಿಗೆ ಒಂದು ನಿಮಿಷದಲ್ಲಿ ಗುರುತು ಹಾಕಲು ಅಷ್ಟು ಸಾಕು ಎನ್ನುವವರೂ ಇದ್ದಾರೆ. ಆದರೆ ತ್ರಿಕೋನದ ಲೆಕ್ಕ ತಪ್ಪಿಲ್ಲದೆ ಮಾಡಿದ ಒಬ್ಬ ಜಾಣ ಹುಡುಗಿಯನ್ನು, ‘ಹದಿನೆಂಟು ಗ್ರಾಂ ನೀರು ಒಂದು ಕಡೆ, ಹದಿನೆಂಟು ಗ್ರಾಂ ಸಕ್ಕರೆ ಇನ್ನೊಂದು ಕಡೆ. ಯಾವುದರಲ್ಲಿ ಅಣು ಜಾಸ್ತಿ ಇವೆಯಮ್ಮಾ?’ ಎಂದು ಕೇಳಿದೆ. ‘ಎರಡೂ ಹದಿನೆಂಟು ಗ್ರಾಂ ಅಲ್ವಾ ಮೇಡಂ, ಒಂದೇ’ ಎಂದಳು. ಆ ಸಕ್ಕರೆಯಲ್ಲಿರುವುದಕ್ಕಿಂತ ನೀರಿನಲ್ಲಿ ಹತ್ತೊಂಬತ್ತು ಪಟ್ಟು ಹೆಚ್ಚು ಅಣುಗಳಿವೆ. ತ್ರಿಕೋನ ಅವಳಿಗೆ ಅದನ್ನು ಹೇಳಿಕೊಟ್ಟಿರಲಿಲ್ಲ.

ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಸಾವಿರ ಬೋಲ್ಟ್ ಕೇಳಿದರೆ ಯಾರೂ ಕೂತು ಎಣಿಸುವುದಿಲ್ಲ. ಹತ್ತು ಬೋಲ್ಟ್ ತೂಗಿ, ಅದರ ನೂರು ಪಟ್ಟು ತೂಕ ಸುರಿದು ಕೊಡುತ್ತಾರೆ. ಸಾವಿರ ನಟ್ ಬೇಕೆಂದರೆ ತೂಕ ಬೇರೆ, ಎಣಿಕೆ ಅದೇ. ಒಂದು ಕಿಲೋ ಬೋಲ್ಟಿಗೆ ಒಂದು ಕಿಲೋ ನಟ್ ತಂದವನ ಹತ್ತಿರ ನಟ್ಟುಗಳು ರಾಶಿ ರಾಶಿ ಮಿಕ್ಕುತ್ತವೆ, ಏಕೆಂದರೆ ಅವು ಒಂದಕ್ಕೊಂದು ಕೂರುವುದು ಎಣಿಕೆಯಲ್ಲಿ. ಪರಮಾಣುಗಳೂ ಹಾಗೆಯೇ ಕೂಡುತ್ತವೆ. ಎರಡು ಹೈಡ್ರೋಜನ್‌ಗೆ ಒಂದು ಆಕ್ಸಿಜನ್ ಎನ್ನುವಾಗ ಎಣಿಕೆಯ ಮಾತು ನಡೆಯುತ್ತಿರುತ್ತದೆ. ತಕ್ಕಡಿಯ ಮೇಲೆ ಮಾತ್ರ ಅದು 2 ಗ್ರಾಂಗೆ 16 ಗ್ರಾಂ ಎಂದು ಕಾಣುತ್ತದೆ. ತೂಕದಿಂದ ಎಣಿಕೆಗೆ, ಎಣಿಕೆಯಿಂದ ತೂಕಕ್ಕೆ ಹೋಗಿಬರುವ ದಾರಿಯೇ ಅಣುರಾಶಿ.

ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನಮ್ಮ ಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ, ಒಂದೊಂದು ವಸ್ತುವನ್ನೂ ಅದರ ಅಣುರಾಶಿಯಷ್ಟು ಗ್ರಾಂ, ಅಂದರೆ ಒಂದು ಮೋಲ್, ಮಕ್ಕಳ ಕೈಯಲ್ಲೇ ತೂಗಿಸುತ್ತೇನೆ. ನೀರು 18 ಗ್ರಾಂ, ಒಂದು ಗುಟುಕು. ಪಾತ್ರೆ ಅಂಗಡಿಯಿಂದ ತಂದ ಅಲ್ಯುಮಿನಿಯಂ ಚೂರು 27 ಗ್ರಾಂ. ಉಪ್ಪು 58.5 ಗ್ರಾಂ. ಅಡುಗೆ ಸೋಡಾ 84 ಗ್ರಾಂ. ಗ್ಲುಕೋಸ್ ಪುಡಿ 180 ಗ್ರಾಂ. ಸಕ್ಕರೆ 342 ಗ್ರಾಂ, ಒಂದು ದೊಡ್ಡ ಗುಡ್ಡೆ. ಸಾಲಾಗಿ ಇಟ್ಟ ಮೇಲೆ, ‘ಇವೆಲ್ಲದರಲ್ಲೂ ಎಣಿಕೆ ಒಂದೇ’ ಎಂದು ಹೇಳಿ ಸುಮ್ಮನಾಗುತ್ತೇನೆ. ಮಕ್ಕಳು ಸಕ್ಕರೆಯ ಗುಡ್ಡೆಯನ್ನೂ ನೀರಿನ ಲೋಟವನ್ನೂ ಮತ್ತೆ ಮತ್ತೆ ನೋಡುತ್ತಾರೆ. ಸಕ್ಕರೆಯ ಒಂದು ಅಣು ನೀರಿನ ಅಣುವಿಗಿಂತ ಹತ್ತೊಂಬತ್ತು ಪಟ್ಟು ಭಾರ, ಆದ್ದರಿಂದ ಗುಡ್ಡೆಯೂ ಅಷ್ಟು ಭಾರ ಎಂದು ಅವರಲ್ಲೇ ಯಾರೋ ಒಬ್ಬರು ಹೇಳುತ್ತಾರೆ. ಸೂತ್ರವನ್ನು ನಾನು ಬರೆಯುವುದು ಆಮೇಲೆ. ಆ ಹೊತ್ತಿಗೆ ಅದರ ಅರ್ಧ ಭಾಗ ಅವರೇ ಹೇಳಿರುತ್ತಾರೆ.

ಆ ಎಣಿಕೆ ಎಷ್ಟು? ಪುಸ್ತಕದಲ್ಲಿ 6.022 ಗುಣಿಸು 10ರ ಘಾತ 23 ಎಂದಿದೆ. ಹತ್ತರ ಘಾತ ಮಗುವಿನ ಮನಸ್ಸಿಗೆ ಏನನ್ನೂ ಹೇಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಹೇಳಿ: 602 ಕೋಟಿ ಕೋಟಿ ಕೋಟಿ. ಒಂದು ಕೋಟಿಯನ್ನು ಕೋಟಿಯಿಂದ ಗುಣಿಸಿ, ಮತ್ತೊಮ್ಮೆ ಕೋಟಿಯಿಂದ ಗುಣಿಸಿ, ಅಂಥವು ಆರುನೂರ ಎರಡು. ಕೋಟಿಯ ಮಾತು ಕೇಳುತ್ತಾ ಬೆಳೆದ ಮಕ್ಕಳು ಎರಡನೇ ಕೋಟಿಗೆ ಬರುವಷ್ಟರಲ್ಲಿ ಕಣ್ಣರಳಿಸುತ್ತಾರೆ. ಒಂದು ಗುಟುಕು ನೀರಿನಲ್ಲಿ ಅಷ್ಟು ಅಣು.

ಅಣುರಾಶಿ ಕಂಡುಹಿಡಿಯುವುದು ಬರೀ ಕೂಡುವ ಲೆಕ್ಕ ಎಂದು ದಾಟಿಸಿಬಿಡುವುದನ್ನು ನೋಡಿದ್ದೇನೆ. ಕೂಡುವುದೇ ನಿಜ, ಆದರೆ ಮಕ್ಕಳು ಎಡವುವ ಜಾಗಗಳು ಗೊತ್ತಿರುವಂಥವೇ. ಕ್ಲೋರಿನ್‌ಗೆ 35.5 ಎಂದಾಗ ಅರ್ಧ ಪ್ರೋಟಾನ್ ಇದೆಯೇ ಎಂದು ಕೇಳುವ ಮಗುವನ್ನು ಸುಮ್ಮನಾಗಿಸಬಾರದು. ಪ್ರಕೃತಿಯಲ್ಲಿ ಸಿಗುವ ನಾಲ್ಕು ಕ್ಲೋರಿನ್ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಮೂರು ರಾಶಿ 35ರವು, ಒಂದು ರಾಶಿ 37ರದು. ಮೂರು ಮೂವತ್ತೈದು ಮತ್ತು ಒಂದು ಮೂವತ್ತೇಳು ಕೂಡಿಸಿ ನಾಲ್ಕರಿಂದ ಭಾಗಿಸಿದರೆ 35.5. ಆ ಮಗುವೇ ಲೆಕ್ಕ ಹಾಕಿಕೊಳ್ಳಲಿ. ಸುಣ್ಣದ ಸೂತ್ರದಲ್ಲಿ ಆವರಣದ ಹೊರಗಿರುವ ಎರಡು ಒಳಗಿನ ಆಕ್ಸಿಜನ್, ಹೈಡ್ರೋಜನ್ ಎರಡಕ್ಕೂ ಸೇರುತ್ತದೆ, 40 ಕೂಡಿಸು 32 ಕೂಡಿಸು 2, ಒಟ್ಟು 74. ಇದನ್ನು ಹೆಚ್ಚಿನ ಮಕ್ಕಳು ಬೇಗ ಹಿಡಿಯುತ್ತಾರೆ.

ದೊಡ್ಡ ತೊಡಕು ಹರಳುಗಳ ಸೂತ್ರದ ನಡುವೆ ಇರುವ ಚುಕ್ಕಿ. ಮೈಲುತುತ್ತದ ಸೂತ್ರದಲ್ಲಿ ಕಾಪರ್ ಸಲ್ಫೇಟಿಗೂ ಐದು ನೀರಿಗೂ ಮಧ್ಯೆ ಒಂದು ಚುಕ್ಕಿ ಇರುತ್ತದೆ. ಗಣಿತದ ತರಗತಿಯಲ್ಲಿ ಚುಕ್ಕಿ ಎಂದರೆ ಗುಣಾಕಾರ. ಮಗು 159.6ನ್ನು 90ರಿಂದ ಗುಣಿಸಿ ಹದಿನಾಲ್ಕು ಸಾವಿರ ಚಿಲ್ಲರೆ ಬರೆದು ತರುತ್ತದೆ. ಕೂಡಿಸಬೇಕು, 249.6 ಎಂದು ಹೇಳಿದರೆ ಒಪ್ಪುತ್ತದೆ, ಮಾರನೆಯ ದಿನ ಮರೆಯುತ್ತದೆ. ಒಂದು ಚಮಚ ಮೈಲುತುತ್ತವನ್ನು ಪ್ರನಾಳದಲ್ಲಿ ಹಾಕಿ ಬಿಸಿ ಮಾಡಿ ತೋರಿಸಿ. ನೀಲಿ ಬಣ್ಣ ಹೋಗಿ ಬೂದುಬಿಳಿ ಪುಡಿ ಉಳಿಯುತ್ತದೆ, ಪ್ರನಾಳದ ಬಾಯಿಯ ಹತ್ತಿರ ನೀರಿನ ಹನಿ ಕೂರುತ್ತದೆ. ನೂರು ಗ್ರಾಂ ಹರಳಿನಲ್ಲಿ 36 ಗ್ರಾಂ ಬರೀ ನೀರು. ಕಣ್ಣಾರೆ ಕಂಡ ಮೇಲೆ ಆ ಚುಕ್ಕಿಯನ್ನು ಗುಣಾಕಾರ ಎಂದು ಓದಿದ ಮಗುವನ್ನು ನಾನು ಕಂಡಿಲ್ಲ.

ಪ್ರಯೋಗಾಲಯದಲ್ಲಿ ಈ ನೀರನ್ನು ಮರೆತರೆ ಆಗುವುದೇನು? ಆಕ್ಸಾಲಿಕ್ ಆಮ್ಲದ ಪ್ರಮಾಣಿತ ದ್ರಾವಣ ಮಾಡಲು ಮಕ್ಕಳು ಕಾಲು ಲೀಟರಿಗೆ ತೂಕ ಲೆಕ್ಕ ಹಾಕುತ್ತಾರೆ. ಹರಳಿನಲ್ಲಿರುವ ಎರಡು ನೀರನ್ನು ಸೇರಿಸಿಕೊಂಡರೆ ರಾಶಿ 126, ಬಿಟ್ಟರೆ 90. 0.1 ಮೋಲಾರ್, ಅಂದರೆ ಲೀಟರಿಗೆ 0.1 ಮೋಲ್ ಇರುವ ದ್ರಾವಣಕ್ಕೆ 3.15 ಗ್ರಾಂ ತೂಗಬೇಕಾದ ಜಾಗದಲ್ಲಿ 2.25 ಗ್ರಾಂ ತೂಗಿ, ಬ್ಯುರೆಟ್ ಓದಿದ್ದು ತಪ್ಪಿರಬೇಕು ಎಂದು ಇಡೀ ಮಧ್ಯಾಹ್ನ ಹೆಣಗುವ ಮಕ್ಕಳಿದ್ದಾರೆ. ಬಾಟಲಿಯ ಮೇಲಿನ ಲೇಬಲ್‌ನಲ್ಲಿ ಅಣುರಾಶಿಯನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಓದುವ ಅಭ್ಯಾಸವನ್ನು ಮೊದಲ ದಿನವೇ ಕಲಿಸಬೇಕು.

ಇದರಿಂದ ನಮಗೇನು ಪ್ರಯೋಜನ ಎಂದು ಮಕ್ಕಳು ಕೇಳುತ್ತಾರೆ. ಕೇಳಲೇಬೇಕು. ಮೆಡಿಕಲ್ ಶಾಪಿನಿಂದ, ಭೇದಿಯಾದಾಗ ಕುಡಿಸುವ ಒಂದು ಓಆರ್‌ಎಸ್ ಪೊಟ್ಟಣ ತರಿಸಿ ಅದರ ಹಿಂಬದಿಯನ್ನು ಓದಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಲ್ಲಿ ಒಪ್ಪಿದ ಸೂತ್ರದಂತೆ ಒಂದು ಲೀಟರ್ ನೀರಿಗೆ ಗ್ಲುಕೋಸ್ 13.5 ಗ್ರಾಂ, ಸೋಡಿಯಂ ಕ್ಲೋರೈಡ್ ಅಂದರೆ ಉಪ್ಪು 2.6 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ. ಈ ನಾಲ್ಕು ಅಂಕಿಗಳಿಗೆ ಒಂದಕ್ಕೊಂದು ನಂಟು ಕಾಣುವುದಿಲ್ಲ. ಏಕೆ 13.5? ಏಕೆ 2.6? ಗ್ರಾಂಗಳನ್ನು ಎಷ್ಟು ಹೊತ್ತು ನೋಡುತ್ತಾ ಕೂತರೂ ಉತ್ತರ ಹೊಳೆಯದು.

ಈಗ ಅಣುರಾಶಿಯಿಂದ ಭಾಗಿಸಿ. 13.5ನ್ನು 180ರಿಂದ ಭಾಗಿಸಿದರೆ ಗ್ಲುಕೋಸ್ 0.075 ಮೋಲ್, ಅಂದರೆ 75 ಮಿಲಿಮೋಲ್. ಉಪ್ಪು 2.6 ಭಾಗಿಸು 58.5, ಸುಮಾರು 44.4 ಮಿಲಿಮೋಲ್, ಸೋಡಿಯಂ ಅಷ್ಟೇ. ಸಿಟ್ರೇಟ್ ಹರಳಿನಲ್ಲೂ ಎರಡು ನೀರಿದೆ, ಚುಕ್ಕಿ ಮರೆಯಬಾರದು. ಅದರ ರಾಶಿ 294. 2.9ನ್ನು ಭಾಗಿಸಿದರೆ ಹತ್ತಿರ ಹತ್ತಿರ 10 ಮಿಲಿಮೋಲ್. ಒಂದೊಂದು ಸಿಟ್ರೇಟಿಗೆ ಮೂರು ಸೋಡಿಯಂ, ಹೀಗೆ 30. ಎರಡೂ ಕಡೆಯ ಸೋಡಿಯಂ ಕೂಡಿಸಿದರೆ 75ರ ಹತ್ತಿರ ಬಂತು. ಗ್ಲುಕೋಸ್ 75, ಸೋಡಿಯಂ 75. ಈ ಸಾಲಿಗೆ ಬಂದಾಗ ಗುಟ್ಟಹಳ್ಳಿಯ ಒಬ್ಬ ಹುಡುಗಿ ಪೆನ್ನು ಕೆಳಗಿಟ್ಟು, ‘ಬೇಕಂತಲೇ ಸಮ ಮಾಡಿದ್ದಾರಾ ಮೇಡಂ?’ ಎಂದು ಕೇಳಿದಳು. ಹೌದು ಕಣಮ್ಮಾ, ಬೇಕಂತಲೇ. ನಮ್ಮ ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸನ್ನು ಜೊತೆಯಾಗಿ ಒಳಕ್ಕೆ ಸಾಗಿಸುವ ಪ್ರೋಟೀನ್ ಇದೆ. ಅವೆರಡೂ ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ವಾಂತಿಭೇದಿಯಿಂದ ಒಣಗಿದ ಮಗುವಿನ ಜೀವ ಉಳಿಯುವುದು ಆ ನೀರಿನಿಂದ. ಕರುಳಿನ ಗೋಡೆಗೆ ಗ್ರಾಂ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಎಷ್ಟು ಕಣ ಎನ್ನುವುದು ಮಾತ್ರ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ಲೀಟರ್ ದ್ರಾವಣದಲ್ಲಿ ಕಣಗಳ ಒಟ್ಟು ಎಣಿಕೆ ಹೆಚ್ಚಾದರೆ ಅದು ನೀರನ್ನು ಕರುಳಿನ ಕಡೆಗೇ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. ಹಳೆಯ ಸೂತ್ರದಲ್ಲಿ ಆ ಮೊತ್ತ 311 ಮಿಲಿಮೋಲ್ ಇತ್ತು. 2002ರಲ್ಲಿ 245ಕ್ಕೆ ಇಳಿಸಿದರು. ಸೋಡಿಯಂ 75, ಗ್ಲುಕೋಸ್ 75, ಕ್ಲೋರೈಡ್ 65, ಪೊಟ್ಯಾಸಿಯಂ 20, ಸಿಟ್ರೇಟ್ 10. ಕೂಡಿಸಿ ನೋಡಿ. ಇಲ್ಲೊಂದು ಸೋಜಿಗವಿದೆ: 13.5 ಗ್ರಾಂ ಗ್ಲುಕೋಸ್ ಕೊಡುವುದು 75 ಕಣದ ಪಾಲು, ಅದರ ಐದನೇ ಒಂದು ಭಾಗದಷ್ಟೇ ತೂಗುವ 2.6 ಗ್ರಾಂ ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಒಡೆದು 89ರ ಪಾಲು ಕೊಡುತ್ತದೆ. ಸೂತ್ರಕ್ಕೆ ಹೊಂದದ ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಬಾರದೆಂದು 2025ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ತಡೆ ಹಾಕಿದ್ದು ಏಕೆಂದು ಈ ಲೆಕ್ಕ ಮಾಡಿದ ಮಗುವಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ.

1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಇದೇ ಬಗೆಯ ಪುಡಿಯನ್ನು ಕಲ್ಕತ್ತೆಯಲ್ಲಿ ತೂಗಿ, ಪೊಟ್ಟಣ ಕಟ್ಟಿಸಿ ಕಳಿಸಿದರು. ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಉಪ್ಪಿನಿಂದ 60, ಸೋಡಾದಿಂದ 30, ಸೋಡಿಯಂ ಒಟ್ಟು 90 ಮಿಲಿಮೋಲ್. ರಕ್ತನಾಳಕ್ಕೆ ಹಾಕುವ ಸಲೈನ್ ಸಾಲದಾಗಿದ್ದ ಆ ಶಿಬಿರದಲ್ಲಿ ಲೋಟದಿಂದ ಕುಡಿಸಿದ ಈ ನೀರು ಅಸಂಖ್ಯ ಜೀವ ಉಳಿಸಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಪ್ರಥಮ ಪಿಯುಸಿಯ ಮೊದಲ ಅಧ್ಯಾಯದ ಲೆಕ್ಕ ಎಲ್ಲಿಯವರೆಗೆ ಕೈಚಾಚುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಾಗಡಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗನೊಬ್ಬನಿಗೆ ಯೂರಿಯಾದ ಅಣುರಾಶಿ ಹಾಕಲು ಹೇಳಿದೆ. 60 ಬಂತು, ಅದರಲ್ಲಿ ನೈಟ್ರೋಜನ್ 28. ನೂರಕ್ಕೆ ಎಷ್ಟೆಂದರೆ 46.7. ಅವನು ಅಲ್ಲಿಂದಲೇ ಊರಿಗೆ ಫೋನ್ ಮಾಡಿ ಚೀಲದ ಮೇಲೆ ಏನಿದೆ ಓದಪ್ಪಾ ಎಂದು ತಂದೆಯನ್ನು ಕೇಳಿದ. 46 ಎಂದಿತ್ತು. ಅಂದಿನಿಂದ ಅವನು ಕಾಮರ್ಸ್‌ನ ಮಾತು ಎತ್ತಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಬೋರ್‌ವೆಲ್ ನೀರಿನ ವರದಿಯೂ ಇದೇ ಲೆಕ್ಕದ್ದೇ. ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 300 ಮಿಲಿಗ್ರಾಂ ಎಂದಿದ್ದರೆ ನೀರಿನಲ್ಲಿ ಅಷ್ಟು ಸುಣ್ಣದ ಕಲ್ಲು ಕರಗಿದೆ ಎಂದರ್ಥವಲ್ಲ. ಲೀಟರಿಗೆ 80 ಮಿಲಿಗ್ರಾಂ ಕ್ಯಾಲ್ಸಿಯಂ 2 ಮಿಲಿಮೋಲ್, 24 ಮಿಲಿಗ್ರಾಂ ಮೆಗ್ನೀಸಿಯಂ 1 ಮಿಲಿಮೋಲ್. ಒಟ್ಟು 3 ಮಿಲಿಮೋಲನ್ನು ಕ್ಯಾಲ್ಸಿಯಂ ಕಾರ್ಬೊನೇಟಿನ ರಾಶಿ 100ರಿಂದ ಗುಣಿಸಿ ಒಂದೇ ಸಂಖ್ಯೆಯಾಗಿ ಬರೆದಿರುತ್ತಾರೆ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನದಂಡದಲ್ಲಿ ಕುಡಿಯುವ ನೀರಿಗೆ 200 ಒಪ್ಪಿತ, ಬೇರೆ ಮೂಲ ಇಲ್ಲದಿದ್ದಾಗ 600ರವರೆಗೆ ಅನುಮತಿ. ವರದಿ ಕೈಯಲ್ಲಿ ಹಿಡಿದು ಗಾಬರಿಯಾಗುವ ಮೊದಲು ಮನೆಯ ಪಿಯುಸಿ ಮಗುವಿನ ಕೈಗೆ ಕೊಡಿ.

ಅನಿಲಗಳ ವಿಷಯಕ್ಕೆ ಬರುತ್ತೇನೆ. ಗೈಡುಗಳಲ್ಲಿ ಒಂದು ಮೋಲ್ ಅನಿಲಕ್ಕೆ 22.4 ಲೀಟರ್ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ, ಯಾವ ಒತ್ತಡದಲ್ಲಿ ಎಂಬುದು ಇರುವುದಿಲ್ಲ. ಎನ್‌ಸಿಇಆರ್‌ಟಿ ಪಠ್ಯ ತೆರೆದರೆ 22.7. ಮಗು ಯಾವುದನ್ನು ನಂಬಬೇಕು? ಎರಡೂ ಸರಿ. ಸೊನ್ನೆ ಡಿಗ್ರಿಯಲ್ಲಿ, ಒಂದು ಅಟ್ಮಾಸ್ಫಿಯರ್ ಒತ್ತಡವಿದ್ದರೆ 22.4, ಒಂದು ಬಾರ್ ಇದ್ದರೆ 22.7. ಪ್ರಮಾಣಿತ ಒತ್ತಡವನ್ನು ಒಂದು ಬಾರ್ ಎಂದು ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ 1982ರಲ್ಲೇ ಹೇಳಿದೆ. ಗೈಡು ಪ್ರಕಾಶಕರು ಆ ಸಂಖ್ಯೆಯ ಪಕ್ಕದಲ್ಲಿ ಒತ್ತಡ ಎಷ್ಟೆಂದು ಅಚ್ಚು ಹಾಕಲಿ. ಇದಕ್ಕೆ ಒಂದು ಸಾಲಿನ ಜಾಗವೂ ಬೇಡ.

ಇನ್ನೂ ದೊಡ್ಡ ಮಾತೆಂದರೆ, ಬೆಂಗಳೂರಿನ ತರಗತಿ ಕೋಣೆಯಲ್ಲಿ 22.4 ಸಹ ಇಲ್ಲ, 22.7 ಸಹ ಇಲ್ಲ. ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ, ಇಲ್ಲಿ ಗಾಳಿಯ ಒತ್ತಡ ಸುಮಾರು 0.91 ಬಾರ್. 25 ಡಿಗ್ರಿ ಸೆಖೆಯಲ್ಲಿ ಲೆಕ್ಕ ಹಾಕಿದರೆ ಒಂದು ಮೋಲ್ ಗಾಳಿಗೆ ಇಲ್ಲಿ ಸುಮಾರು 27 ಲೀಟರ್ ಜಾಗ ಬೇಕು. ಮಂಗಳೂರಿನಲ್ಲಿ 30 ಡಿಗ್ರಿಯಿದ್ದರೂ 25 ಲೀಟರಿನಷ್ಟೇ. 27 ಲೀಟರ್ ಎಂದರೆ ಪ್ರತಿ ಬದಿ ಸರಿಯಾಗಿ 30 ಸೆಂಟಿಮೀಟರ್ ಇರುವ ಪೆಟ್ಟಿಗೆ. ಅಂಗಡಿಯಿಂದ ತಂದ ರಟ್ಟನ್ನು ಕತ್ತರಿಸಿ, ಟೇಪ್ ಅಂಟಿಸಿ ಅಂಥದೊಂದು ಪೆಟ್ಟಿಗೆಯನ್ನು ಮಕ್ಕಳೇ ಮಾಡಿದ್ದಾರೆ, ನಮ್ಮ ಹಜಾರದಲ್ಲಿದೆ. ಅದರೊಳಗೆ ಬೆಂಗಳೂರಿನ ಒಂದು ಮೋಲ್ ಗಾಳಿ, ತೂಕ 29 ಗ್ರಾಂ.

ಇದೇ ಪೆಟ್ಟಿಗೆಯನ್ನು ಮನಸ್ಸಿನಲ್ಲೇ ಬೇರೆ ಅನಿಲದಿಂದ ತುಂಬಿಸುತ್ತೇನೆ. ಮೀಥೇನ್ ತುಂಬಿದರೆ 12 ಕೂಡಿಸು 4, 16 ಗ್ರಾಂ. ಪ್ರೊಪೇನ್ 44. ಬ್ಯೂಟೇನ್ 58. ಈಗ ನಮ್ಮ ಊರಿನ ಎಷ್ಟೋ ಮನೆಗಳಲ್ಲಿ ಸಿಲಿಂಡರ್ ಹೋಗಿ ಪೈಪ್ ಗ್ಯಾಸ್ ಬಂದಿದೆ. ಸಿಲಿಂಡರಿನಲ್ಲಿ ಇರುವುದು ಪ್ರೊಪೇನ್, ಬ್ಯೂಟೇನ್‌ಗಳ ಮಿಶ್ರಣ, ಪೈಪಿನಲ್ಲಿ ಬರುವುದು ಮುಖ್ಯವಾಗಿ ಮೀಥೇನ್. ಸೋರಿದರೆ ಮೊದಲನೆಯದು ಗಾಳಿಗಿಂತ ಭಾರವಾದ್ದರಿಂದ ನೆಲ ಹಿಡಿದು ಹರಡುತ್ತದೆ, ಎರಡನೆಯದು ಹಗುರವಾದ್ದರಿಂದ ಸೂರಿನ ಕಡೆಗೆ ಏರುತ್ತದೆ. ಸೋರಿಕೆ ಪತ್ತೆ ಮಾಡುವ ಉಪಕರಣವನ್ನು ಸಿಲಿಂಡರ್ ಇರುವ ಮನೆಯಲ್ಲಿ ನೆಲದ ಹತ್ತಿರವೂ, ಪೈಪ್ ಗ್ಯಾಸ್ ಇರುವ ಮನೆಯಲ್ಲಿ ಸೂರಿನ ಹತ್ತಿರವೂ ಹಾಕಬೇಕು. ಹಳೆಯದನ್ನು ಕೆಳಗಿದ್ದ ಜಾಗದಲ್ಲೇ ಬಿಟ್ಟು ಪೈಪ್ ಗ್ಯಾಸ್ ಹಾಕಿಸಿಕೊಂಡ ಮನೆಯವರು ದಯವಿಟ್ಟು ಇದನ್ನು ಗಮನಿಸಲಿ. ಕಾರ್ಬನ್‌ಗೆ 12, ಹೈಡ್ರೋಜನ್‌ಗೆ 1 ಎಂದು ಕೂಡಲು ಬಂದರೆ ಸಾಕು, ಉಪಕರಣ ಎಲ್ಲಿರಬೇಕೆಂದು ಮನೆಯ ಮಗುವೇ ಹೇಳುತ್ತದೆ.

ಒಂದೇ ಪೆಟ್ಟಿಗೆಯಲ್ಲಿ, ಒಂದೇ ತಾಪ ಮತ್ತು ಒತ್ತಡದಲ್ಲಿ, ಅನಿಲ ಯಾವುದೇ ಇರಲಿ, ಅಣುಗಳ ಎಣಿಕೆ ಒಂದೇ. ಇದನ್ನು ಇಟಲಿಯ ಆವೊಗಾಡ್ರೊ 1811ರಲ್ಲೇ ಹೇಳಿದ್ದ. ಐವತ್ತು ವರ್ಷ ಹೆಚ್ಚಿನವರು ಅದನ್ನು ಕಡೆಗಣಿಸಿದರು. ಆಕ್ಸಿಜನ್ ರಾಶಿ 8 ಎಂದು ಕೆಲವರು, 16 ಎಂದು ಕೆಲವರು. ನೀರಿನ ಸೂತ್ರವನ್ನೇ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಿದ್ದರು. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸೇರಿದ ರಸಾಯನ ವಿಜ್ಞಾನಿಗಳಿಗೆ ಇಟಲಿಯವನೇ ಆದ ಕನಿಜಾರೊ ಆವೊಗಾಡ್ರೊನ ಮಾತನ್ನು ಮತ್ತೆ ನೆನಪಿಸಿದ ಮೇಲೆ ಪರಮಾಣು ರಾಶಿಗಳ ಗೊಂದಲ ತಿಳಿಯಾಗತೊಡಗಿತು. ಆವೊಗಾಡ್ರೊ ಅಷ್ಟರಲ್ಲಿ ತೀರಿಕೊಂಡಿದ್ದ. ಆ ಸಭೆಯಲ್ಲಿ ಕೂತು ಕೇಳಿದವರಲ್ಲಿ, ಮುಂದೆ ಆವರ್ತಕ ಕೋಷ್ಟಕ ರೂಪಿಸಿದ ತರುಣ ಮೆಂಡಲೀವ್ ಒಬ್ಬ. ದೊಡ್ಡ ದೊಡ್ಡವರಿಗೇ ಅರ್ಧ ಶತಮಾನ ಹಿಡಿದ ವಿಷಯವನ್ನು ನಾವು ಹದಿನಾರು ವರ್ಷದ ಮಕ್ಕಳಿಗೆ ಎರಡು ಪೀರಿಯಡ್‌ನಲ್ಲಿ ಮುಗಿಸಿ, ಅರ್ಥವಾಗದಿದ್ದರೆ ಅವರನ್ನೇ ದಡ್ಡರೆನ್ನುವುದು ಅನ್ಯಾಯ.

ಆ ಎಣಿಕೆಯನ್ನು ನಿಜವಾಗಿ ಅಳೆದವರಲ್ಲಿ ಫ್ರಾನ್ಸಿನ ಜಾನ್ ಪೆರಾನ್ ಮುಖ್ಯನಾದವನು. ಗ್ಯಾಂಬೋಜ್ ಎಂಬ ಹಳದಿ ಅಂಟನ್ನು ಸಣ್ಣ ಸಣ್ಣ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟು, ಮೇಲಕ್ಕೆ ಹೋದಂತೆ ಅವು ಹೇಗೆ ವಿರಳವಾಗುತ್ತವೆ ಎಂದು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸಿದ. ಅದರಿಂದ ಮೋಲ್‌ನ ಎಣಿಕೆಯನ್ನು ಅಂದಾಜು ಮಾಡಿ, ಅದಕ್ಕೆ ಆವೊಗಾಡ್ರೊನ ಹೆಸರಿಟ್ಟ. 1926ರಲ್ಲಿ ನೊಬೆಲ್ ಬಂತು. ಆ ಅಂಟು ಬರುವ ಮರ ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆಯ ಕುಲದ್ದೇ. ಶಿರಸಿ ಕಡೆಯ ಮಕ್ಕಳಿಗೆ ಈ ಮಾತು ಹೇಳಿದಾಗ ಅವರು ಮುಖವೆತ್ತಿ ನೋಡುವುದೇ ಬೇರೆ. ಈಗ ಆ ಎಣಿಕೆ ಅಂದಾಜಲ್ಲ. 2019ರ ಮೇ 20ರಿಂದ ಒಂದು ಮೋಲ್ ಎಂದರೆ ಕರಾರುವಾಕ್ಕಾಗಿ 6.02214076 ಗುಣಿಸು 10ರ ಘಾತ 23 ಕಣಗಳು. 12 ಗ್ರಾಂ ಕಾರ್ಬನ್-12ರಲ್ಲಿರುವಷ್ಟು ಪರಮಾಣು ಎಂಬ 1971ರ ವ್ಯಾಖ್ಯೆಯನ್ನು ಅಂದು ಕೈಬಿಡಲಾಯಿತು. ಎಷ್ಟೋ ಗೈಡುಗಳು ಇನ್ನೂ ಹಳೆಯದನ್ನೇ ಅಚ್ಚು ಹಾಕುತ್ತಿವೆ. ಹೊಸ ವ್ಯಾಖ್ಯೆ ಮಕ್ಕಳಿಗೆ ಸುಲಭ, ಏಕೆಂದರೆ ಅದು ನೇರವಾಗಿ ಎಣಿಕೆಯನ್ನೇ ಹೇಳುತ್ತದೆ.

ಉಪನ್ಯಾಸಕರನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದೇ ಪ್ರಯೋಗಾಲಯ, ನಾಲ್ಕೈದು ಸೆಕ್ಷನ್, ಪಾಠ ಮುಗಿಸುವ ಅವಸರ, ಇವೆಲ್ಲ ನನಗೆ ಗೊತ್ತು. ಕೆಲವು ಕಾಲೇಜುಗಳಲ್ಲಿ ತಕ್ಕಡಿ ಹಾಳಾದೀತೆಂಬ ಭಯದಿಂದ ಅದನ್ನು ಬೀರುವಿನಿಂದ ಹೊರಗೇ ತೆಗೆಯುವುದಿಲ್ಲ. ಆದ್ದರಿಂದ ಪದವಿಪೂರ್ವ ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಚಿಕ್ಕದು. ಜೂನ್‌ನ ಮೊದಲ ಪ್ರಾಯೋಗಿಕ ತರಗತಿಯನ್ನು ಇದಕ್ಕೇ ಮೀಸಲಿಡಿ. ಪ್ರತಿ ಗುಂಪಿನ ಮಕ್ಕಳು ಉಪ್ಪು, ಸಕ್ಕರೆ, ಸೋಡಾ, ನೀರು, ಮೈಲುತುತ್ತ ಒಂದೊಂದು ಮೋಲ್ ತೂಗಲಿ. ಅದಕ್ಕೆ ಒಂದೊಂದು ಗ್ರಾಂ ವ್ಯತ್ಯಾಸ ತೋರಿಸುವ ಅಡುಗೆಮನೆಯ ತಕ್ಕಡಿ ಸಾಕು, ಮೈಲುತುತ್ತ ಮುಟ್ಟಿದ ಕೈ ತೊಳೆಯಲು ಸೋಪು ಸಾಕು. ತೂಗಿದ್ದನ್ನು ಬಾಟಲಿಗೆ ತುಂಬಿ, ಹೆಸರು, ಅಣುರಾಶಿ ಎರಡನ್ನೂ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ತರಗತಿಯ ಕಿಟಕಿಯಲ್ಲಿ ವರ್ಷವಿಡೀ ಇಡಿ. ಪಾಠದ ಮೊದಲ ವಾರ ಕನ್ನಡದಲ್ಲಿ ವಿವರಿಸಿ ಆಮೇಲೆ ಇಂಗ್ಲಿಷಿಗೆ ಹೋದರೆ ಸಿಲಬಸ್ ಹಿಂದೆ ಬೀಳುವುದಿಲ್ಲ. ಪ್ರಶ್ನೆಪತ್ರಿಕೆ ಮಾಡುವವರು ಓಆರ್‌ಎಸ್ ಪೊಟ್ಟಣದಿಂದಲೋ, ಗೊಬ್ಬರದ ಚೀಲದಿಂದಲೋ ಒಂದು ಪ್ರಶ್ನೆಯನ್ನಾದರೂ ಕೇಳಲಿ. ಪರೀಕ್ಷೆಯಲ್ಲಿ ಬರುತ್ತದೆಂದು ಗೊತ್ತಾದರೆ ಕೋಚಿಂಗ್ ಕೇಂದ್ರಗಳೂ ಅದನ್ನು ಕಲಿಸುತ್ತವೆ.

ಬಸವನಗುಡಿ, ಚಾಮರಾಜಪೇಟೆ ಸುತ್ತಮುತ್ತಲಿನ ಯಾವ ಸರ್ಕಾರಿ ಕಾಲೇಜಿನವರು ಕರೆದರೂ ತಕ್ಕಡಿ ತೆಗೆದುಕೊಂಡು ಬರಲು ನಾನು ಸಿದ್ಧಳಿದ್ದೇನೆ. ಬೆಳಗ್ಗೆ ಹತ್ತರ ನಂತರ ಯಾವ ದಿನವಾದರೂ ಆಗಬಹುದು. ನನ್ನ ವಿಳಾಸ ನಿಮ್ಮ ಕಚೇರಿಯಲ್ಲಿದೆ, ಕೇಳಿದವರಿಗೆ ದಯವಿಟ್ಟು ಕೊಡಿ.

ಇತಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕಿ
ಹನುಮಂತನಗರ, ಬೆಂಗಳೂರು